ಇಂದು ಯಾರು ಬಂದಿಲ್ಲ?

ಬೇಸಿಗೆ ರಜೆ ಮುಗಿದು ಶಾಲೆಗಳ ಗಂಟೆ ಮತ್ತೆ ಬಾರಿಸುವ ದಿನಗಳು ಬಂದಿವೆ. ನಮ್ಮ ಧರ್ಮಕೇಂದ್ರಗಳ ಪ್ರಾಥಮಿಕ ಶಾಲೆಗಳಲ್ಲಿ ಹೊಸ ವರ್ಷ ಬಲಿಪೂಜೆಯೊಂದಿಗೆ, ಪ್ರಾರ್ಥನೆಯೊಂದಿಗೆ ಆರಂಭವಾಗುತ್ತದೆ. ಆಮೇಲೆ ವರ್ಷವಿಡೀ ಅಲ್ಲಿಂದ ಸುದ್ದಿಗಳು ಬರುತ್ತಲೇ ಇರುತ್ತವೆ. ವಾರ್ಷಿಕೋತ್ಸವ, ಕ್ರೀಡಾಕೂಟ, ಪ್ರತಿಭಾ ಕಾರಂಜಿಯಲ್ಲಿ ಬಹುಮಾನ, ಹೊಸ ಕೊಠಡಿಯ ಉದ್ಘಾಟನೆ, ನಿವೃತ್ತರಾದ ಶಿಕ್ಷಕಿಗೆ ಸನ್ಮಾನ. ಇವನ್ನು ಓದುವಾಗ ನಮಗೆಲ್ಲರಿಗೂ ಸಂತೋಷವಾಗುತ್ತದೆ, ಆಗಲೇಬೇಕು.

ಆದರೆ ಮುನ್ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದಲ್ಲಿ ಬಡಮಕ್ಕಳಿಗೆಂದು ತೆರೆದ ಕೆಲವು ಶಾಲೆಗಳಲ್ಲಿ ದಿನನಿತ್ಯದ ದೊಡ್ಡ ಸುದ್ದಿ ಬೇರೆಯೇ ಇತ್ತು. ಇಂದು ಯಾರು ಬಂದಿಲ್ಲ? ಏಕೆ ಬಂದಿಲ್ಲ? ಅವರ ಮನೆಗೆ ಯಾರು ಹೋಗಿಬರುತ್ತೀರಿ? ಶಿಕ್ಷಕರು ಪ್ರತಿದಿನ ತಿಳಿದುಕೊಳ್ಳುತ್ತಿದ್ದ ಸಂಗತಿ ಇದು. ಆ ಶಾಲೆಗಳನ್ನು ಕಟ್ಟಿದವರು ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್. 1950ರ ಮೇ 15ರಂದು ಜಗದ್ಗುರು ಹನ್ನೆರಡನೆಯ ಪಯಸ್‌ರವರು ಅವರನ್ನು ಎಲ್ಲ ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು. ಏಪ್ರಿಲ್ 7ರಂದು ಅವರ ಸ್ಮರಣೆ ಬರುತ್ತದೆ. ಅದು ಸಾಮಾನ್ಯವಾಗಿ ಪರೀಕ್ಷೆಯ ಕಾಲ, ಇಲ್ಲವೇ ಪವಿತ್ರ ವಾರದ ಗಡಿಬಿಡಿ. ಹೀಗಾಗಿ ನಮ್ಮ ಶಾಲೆಗಳಲ್ಲಿ ಈ ಸಂತರ ನೆನಪು ಮರೆಗೆ ಸರಿಯುತ್ತದೆ. ಶಾಲಾರಂಭದ ಈ ವೇಳೆಯಲ್ಲಾದರೂ ಅವರ ಇತಿಹಾಸವನ್ನು ಒಮ್ಮೆ ತಿರುವಿ ನೋಡೋಣ.

ಊಟದ ಮೇಜಿನಿಂದ ಶುರುವಾದದ್ದು

ಲಾಸಾಲ್‌ರವರು ಹುಟ್ಟಿದ್ದು 1651ರ ಏಪ್ರಿಲ್ 30ರಂದು, ಫ್ರಾನ್ಸಿನ ರ‍್ಯಾನ್ಸ್ ನಗರದಲ್ಲಿ. ತಂದೆ ನ್ಯಾಯಾಧಿಕಾರಿ, ಮನೆತನ ಸಿರಿವಂತರದು. ಹದಿನೈದನೆಯ ವಯಸ್ಸಿಗೇ ಅವರು ಅಲ್ಲಿನ ಪ್ರಧಾನಾಲಯದ ಕ್ಯಾನನ್ ಆದರು. ಕ್ಯಾನನ್ ಎಂದರೆ ಪ್ರಧಾನಾಲಯದ ಪ್ರಾರ್ಥನೆ-ಪೂಜೆಗಳ ಹೊಣೆ ಹೊತ್ತ ಮಂಡಲಿಯ ಸದಸ್ಯ. ಗೌರವದ ಸ್ಥಾನ, ಜೊತೆಗೆ ಖಚಿತವಾದ ಆದಾಯ. ಪ್ಯಾರಿಸಿನಲ್ಲಿ ಗುರುಶಿಕ್ಷಣ ಪಡೆಯುತ್ತಿದ್ದಾಗ 1671ರಲ್ಲಿ ತಾಯಿ, 1672ರಲ್ಲಿ ತಂದೆ ತೀರಿಕೊಂಡರು. ಹಿರಿಯ ಮಗನಾದ್ದರಿಂದ ಊರಿಗೆ ಮರಳಿ ತಮ್ಮ ತಂಗಿಯರ ಹೊಣೆ ಹೊತ್ತರು. 1678ರಲ್ಲಿ ಗುರುದೀಕ್ಷೆ ಪಡೆದರು.

ಶಾಲೆ ಕಟ್ಟಬೇಕೆಂಬ ಯೋಚನೆ ಅವರಿಗೆ ಆಗ ಇರಲಿಲ್ಲ. 1679ರಲ್ಲಿ ಆದ್ರಿಯೆನ್ ನೀಯೆಲ್ ಎಂಬ ಶ್ರೀಸಾಮಾನ್ಯ ವಿಶ್ವಾಸಿಯೊಬ್ಬರು ರೂವಾನ್ ನಗರದಿಂದ ರ‍್ಯಾನ್ಸಿಗೆ ಬಂದರು. ಬಡ ಹುಡುಗರಿಗೆ ಉಚಿತ ಶಾಲೆ ತೆರೆಯುವುದು ಅವರ ಉದ್ದೇಶ. ಲಾಸಾಲ್‌ರವರು ನೆರವಾದರು, ಸಂತ ಮೋರಿಸ್ ಧರ್ಮಕೇಂದ್ರದಲ್ಲಿ ಶಾಲೆ ಆರಂಭವಾಯಿತು. ತಮ್ಮ ಕೆಲಸ ಅಲ್ಲಿಗೆ ಮುಗಿಯಿತೆಂದೇ ಅವರು ಎಣಿಸಿದ್ದರು.

ಕೆಲಸ ಮುಗಿಯಲಿಲ್ಲ. ನೀಯೆಲ್‌ರವರು ಒಂದರ ಹಿಂದೆ ಒಂದು ಶಾಲೆ ತೆರೆಯುವುದರಲ್ಲಿ ಚುರುಕು, ತೆರೆದದ್ದನ್ನು ನಡೆಸಿಕೊಂಡು ಹೋಗುವ ತಾಳ್ಮೆ ಅವರಿಗೆ ಕಡಿಮೆ. ಅಲ್ಲಿ ಕಲಿಸುತ್ತಿದ್ದ ಮೇಷ್ಟರುಗಳಿಗೆ ಹೆಚ್ಚಿನ ಓದಿಲ್ಲ, ತರಬೇತಿಯಿಲ್ಲ, ಸರಿಯಾದ ಸಂಬಳವೂ ಇಲ್ಲ. ಬೇರೆ ಕೆಲಸ ಸಿಗದೆ ಮೇಷ್ಟರಾದವರೇ ಹೆಚ್ಚು. ಲಾಸಾಲ್‌ರವರು ಮೊದಲು ಅವರನ್ನು ತಮ್ಮ ಮನೆಗೆ ಊಟಕ್ಕೆ ಕರೆದರು. 1681ರಲ್ಲಿ ಅವರನ್ನು ಮನೆಯಲ್ಲೇ ಇರಿಸಿಕೊಂಡರು. ಗಣ್ಯ ಮನೆತನದ ಗುರುವೊಬ್ಬರು ಕೆಳವರ್ಗದ ಮೇಷ್ಟರೊಂದಿಗೆ ಒಂದೇ ಮೇಜಿನಲ್ಲಿ ಉಣ್ಣುವುದನ್ನು ಬಂಧುಬಳಗ ಸಹಿಸಲಿಲ್ಲ. ಜೊತೆಯಲ್ಲಿದ್ದ ತಮ್ಮಂದಿರಲ್ಲಿ ಕೆಲವರನ್ನು ಬಂಧುಗಳು ಅಲ್ಲಿಂದ ಕರೆದುಕೊಂಡು ಹೋದರು. ಮರುವರ್ಷ ಲಾಸಾಲ್‌ರವರೇ ತಂದೆಯ ಮನೆ ಬಿಟ್ಟು ಮೇಷ್ಟರ ಜೊತೆ ಬಾಡಿಗೆ ಮನೆ ಸೇರಿದರು.

ಅಲ್ಲಿ ಅವರಿಗೆ ನಿಜವಾದ ಪರೀಕ್ಷೆ ಎದುರಾಯಿತು. ಶುಭಸಂದೇಶದ ಆಕಾಶದ ಪಕ್ಷಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ನಾಳೆಯ ಚಿಂತೆ ದೇವರಿಗೆ ಬಿಡಿ ಎಂದು ಅವರು ಉಪದೇಶಿಸಿದಾಗ ಮೇಷ್ಟರುಗಳು ನೇರವಾಗಿಯೇ ಉತ್ತರ ಕೊಟ್ಟರು. ನಿಮಗೆ ಕ್ಯಾನನ್ ಪದವಿಯಿದೆ, ಆಸ್ತಿಯಿದೆ, ಶಾಲೆ ಮುಚ್ಚಿದರೂ ನೀವು ಬದುಕುತ್ತೀರಿ, ಬೀದಿಪಾಲಾಗುವವರು ನಾವು ಎಂಬುದು ಅವರ ಮಾತಿನ ತಾತ್ಪರ್ಯ. ಲಾಸಾಲ್‌ರವರು ಸಿಟ್ಟಾಗಲಿಲ್ಲ. ಮಾತು ಸತ್ಯವೆಂದು ಒಪ್ಪಿಕೊಂಡರು. 1683ರಲ್ಲಿ ಕ್ಯಾನನ್ ಪದವಿ ತ್ಯಜಿಸಿದರು, ಅದನ್ನೂ ಸ್ವಂತ ತಮ್ಮನಿಗೆ ವಹಿಸದೆ ಬೇರೊಬ್ಬ ಬಡ ಗುರುವಿಗೆ ಬಿಟ್ಟುಕೊಟ್ಟರು. ಅದರ ಬೆನ್ನಲ್ಲೇ ಆ ಸೀಮೆಯಲ್ಲಿ ಘೋರ ಬರ ಬಂತು. 1684ರ ಆ ಚಳಿಗಾಲದಲ್ಲಿ ಅವರ ಆಸ್ತಿಯೆಲ್ಲ ಹಸಿದವರಿಗೆ ರೊಟ್ಟಿಯಾಗಿ ಹಂಚಿಹೋಯಿತು. ಆ ಹಣವನ್ನು ಶಾಲೆಗಳಿಗೆ ಮೂಲನಿಧಿಯಾಗಿ ಇಡಬಹುದಿತ್ತು, ಇಡಲಿಲ್ಲ. ಮೇಷ್ಟರ ಅಭದ್ರತೆಯನ್ನೇ ತಾವೂ ಹಂಚಿಕೊಂಡರು. ಅಂದಿನಿಂದ ಆ ಮೇಷ್ಟರುಗಳು ಸಂಬಳದ ಆಳುಗಳಾಗಿ ಉಳಿಯದೆ ಸಹೋದರರಾದರು. ಕ್ರೈಸ್ತ ಶಾಲೆಗಳ ಸಹೋದರರು ಎಂಬ ಸಭೆ ಹುಟ್ಟಿದ್ದು ಹೀಗೆ.

ಮನೆಯ ಮಾತಿನಲ್ಲಿ ಅಕ್ಷರ

ಆ ಕಾಲದಲ್ಲಿ ಮಕ್ಕಳಿಗೆ ಓದು ಕಲಿಸುವುದೆಂದರೆ ಲತೀನ್ ಪುಸ್ತಕ ಹಿಡಿಸುವುದು. ಮನೆಯಲ್ಲಿ ಆಡುವುದು ಫ್ರೆಂಚ್, ಶಾಲೆಯಲ್ಲಿ ಓದುವುದು ಅರ್ಥವಾಗದ ಲತೀನ್. ಲಾಸಾಲ್‌ರವರು ಈ ಕ್ರಮವನ್ನು ತಿರುಗಿಸಿದರು. ಮೊದಲು ಫ್ರೆಂಚ್ ಅಕ್ಷರ, ಫ್ರೆಂಚ್ ಓದು. ಅದು ಚೆನ್ನಾಗಿ ಬಂದ ಮೇಲೆ ಲತೀನ್ ಕೀರ್ತನೆಗಳ ಪುಸ್ತಕ.

ಅದಕ್ಕೆ ವಿರೋಧ ಬಂತು. ಶಾರ್ತ್ರ ನಗರದ ಧರ್ಮಾಧ್ಯಕ್ಷರು ಲಾಸಾಲ್‌ರವರ ಹಿತೈಷಿಗಳೇ ಆಗಿದ್ದರೂ ಹಳೆಯ ಕ್ರಮವೇ ಇರಲೆಂದು ಬಯಸಿದರು. ಲಾಸಾಲ್‌ರವರು ತಮ್ಮ ಕಾರಣಗಳನ್ನು ಅವರ ಮುಂದಿಟ್ಟರು. ಅರ್ಥ ತಿಳಿದ ಮಾತನ್ನು ಓದುವುದು ಮಗುವಿಗೆ ಸುಲಭ. ಬಡವರ ಮಕ್ಕಳು ಶಾಲೆಯಲ್ಲಿ ಇರುವುದು ಸ್ವಲ್ಪ ಕಾಲ. ಕೈಗೆ ಬಲ ಬಂದೊಡನೆ ತಂದೆತಾಯಿ ಕೆಲಸಕ್ಕೆ ಕಳಿಸುತ್ತಾರೆ. ಲತೀನಿನಿಂದ ಆರಂಭಿಸಿದರೆ ಆ ಮಗು ಶಾಲೆ ಬಿಡುವಾಗ ಅತ್ತ ಲತೀನೂ ಬರುವುದಿಲ್ಲ, ಇತ್ತ ತನ್ನ ಮಾತನ್ನೂ ಓದಲಾರದು. ಆಮೇಲೆ ಧರ್ಮೋಪದೇಶದ ಪುಸ್ತಕವನ್ನು ತಾನಾಗಿ ಓದಿಕೊಳ್ಳುವ ದಾರಿಯೂ ಮುಚ್ಚಿಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಲಾಸಾಲ್‌ರವರ ವಾದದಲ್ಲಿ ಭಾಷೆಯ ಹೆಮ್ಮೆಯ ಮಾತಿಲ್ಲ. ಬೇಗ ಶಾಲೆ ಬಿಟ್ಟುಹೋಗುವ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದಷ್ಟೇ ಅವರ ಲೆಕ್ಕ. ಬಡ ಮಗುವಿನ ಬದುಕನ್ನು ಅಳತೆಗೋಲಾಗಿ ಹಿಡಿದು ಪಠ್ಯಕ್ರಮ ರೂಪಿಸಿದ ಆ ದೃಷ್ಟಿ ನಮಗೆ ಪಾಠವಾಗಬೇಕು.

ರೊಟ್ಟಿಯ ಬುಟ್ಟಿ, ಬೀದಿಯ ಜವಾಬ್ದಾರಿ

ಆ ಶಾಲೆಗಳ ದಿನಚರಿ ನಮಗೆ ವಿವರವಾಗಿ ತಿಳಿದಿರುವುದು 'ಶಾಲೆಗಳ ನಿರ್ವಹಣೆ' ಎಂಬ ಅರ್ಥದ ಹೆಸರುಳ್ಳ ಒಂದು ಕೈಪಿಡಿಯಿಂದ. ಸಹೋದರರು ವರ್ಷಗಟ್ಟಲೆ ತರಗತಿಗಳಲ್ಲಿ ಕಂಡುಕೊಂಡದ್ದನ್ನು ಕೂಡಿ ಚರ್ಚಿಸಿ, ಲಾಸಾಲ್‌ರವರೊಂದಿಗೆ ಅದನ್ನು ಸಿದ್ಧಪಡಿಸಿದರು. 1706ರ ಹೊತ್ತಿಗೆ ಅದು ಹಸ್ತಪ್ರತಿಯಾಗಿ ಬಳಕೆಯಲ್ಲಿತ್ತು, ಸಂತರ ಮರಣಾನಂತರ 1720ರಲ್ಲಿ ಅಚ್ಚಾಯಿತು.

ಅಂದು ಹಲವು ಶಾಲೆಗಳಲ್ಲಿ ಮೇಷ್ಟರು ಒಬ್ಬೊಬ್ಬ ಹುಡುಗನನ್ನೇ ಬಳಿಗೆ ಕರೆದು ಪಾಠ ಒಪ್ಪಿಸಿಕೊಳ್ಳುತ್ತಿದ್ದರು, ಉಳಿದವರು ಗದ್ದಲ ಮಾಡುತ್ತ ಕೂತಿರುತ್ತಿದ್ದರು. ಸಹೋದರರು ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪುಗಳಾಗಿ ಕೂರಿಸಿ, ಒಂದು ಗುಂಪಿಗೆಲ್ಲ ಒಟ್ಟಿಗೆ ಒಂದೇ ಪಾಠ ಕಲಿಸಿದರು. ಇಂದು ನಮಗೆ ಸಹಜವೆನಿಸುವ ತರಗತಿ ಪದ್ಧತಿ ನೆಲೆಗೊಳ್ಳಲು ಈ ಶಾಲೆಗಳು ಬಹಳ ಮಟ್ಟಿಗೆ ಕಾರಣ.

ಬೆಳಿಗ್ಗೆ ಎಂಟರ ಹೊತ್ತಿಗೆ ಶಾಲೆಯಲ್ಲಿ ಮಕ್ಕಳ ತಿಂಡಿ. ಮನೆಯಿಂದ ತಂದ ರೊಟ್ಟಿಯನ್ನು ಎಲ್ಲರೂ ಅಲ್ಲೇ ಕೂತು ತಿನ್ನಬೇಕು. ಶಿಸ್ತಿನಿಂದ ಉಣ್ಣುವುದೂ ಒಂದು ಪಾಠವೇ ಎಂದು ಕೈಪಿಡಿ ಹೇಳುತ್ತದೆ. ಅಲ್ಲೊಂದು ಬುಟ್ಟಿಯಿರುತ್ತಿತ್ತು. ಹೆಚ್ಚು ರೊಟ್ಟಿ ತಂದವರು ಮಿಕ್ಕದ್ದನ್ನು ಅದರಲ್ಲಿ ಹಾಕುತ್ತಿದ್ದರು, ತರಲಾಗದವರಿಗೆ ಅದರಿಂದ ಹಂಚಲಾಗುತ್ತಿತ್ತು. ಬುಟ್ಟಿಯ ಹೊಣೆ ಒಬ್ಬ ವಿದ್ಯಾರ್ಥಿಯದು. ರೊಟ್ಟಿ ಪಡೆದ ಮಕ್ಕಳು ಕೊಟ್ಟವರಿಗಾಗಿ ಪ್ರಾರ್ಥಿಸುತ್ತಿದ್ದರು.

ಹೀಗೆಯೇ ಬೇರೆ ಬೇರೆ ಕೆಲಸಗಳನ್ನು ಮಕ್ಕಳಿಗೇ ಒಪ್ಪಿಸಲಾಗಿತ್ತು. ಪ್ರಾರ್ಥನೆ ಹೇಳಿಸುವವನು ಒಬ್ಬ, ಗಂಟೆ ಬಾರಿಸುವವನು ಒಬ್ಬ, ಕಾಗದ ಹಂಚುವವನು, ಕಸ ಗುಡಿಸುವವರು, ಬಾಗಿಲು ಕಾಯುವವನು, ಬೀಗದ ಕೈ ಇಟ್ಟುಕೊಳ್ಳುವವನು. ಇವೆಲ್ಲದರ ನಡುವೆ ಒಂದು ವಿಶೇಷ ಹುದ್ದೆಯಿತ್ತು. ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಹುಡುಗರಿಗೆ ಕೆಲವು ಬೀದಿಗಳನ್ನು ವಹಿಸಿಕೊಡಲಾಗುತ್ತಿತ್ತು. ಆ ಬೀದಿಯ ಮಗುವೊಂದು ಶಾಲೆಗೆ ಬಾರದಿದ್ದರೆ ಅವರು ಮನೆಗೆ ಹೋಗಿ ವಿಚಾರಿಸಬೇಕು, ಕಾಯಿಲೆಯಾಗಿದ್ದರೆ ಸಮಾಧಾನ ಹೇಳಬೇಕು, ಬಂದು ಶಿಕ್ಷಕರಿಗೆ ತಿಳಿಸಬೇಕು. ಹಾಜರಿಪಟ್ಟಿಯ ಗುರುತು ಆ ಶಾಲೆಯಲ್ಲಿ ಲೆಕ್ಕಕ್ಕಷ್ಟೇ ಸೀಮಿತವಾಗಿರಲಿಲ್ಲ. ಅದರ ಹಿಂದೆ ಒಂದು ಭೇಟಿಯಿತ್ತು.

ಮಕ್ಕಳು ಶಾಲೆ ತಪ್ಪಿಸಲು ಕಾರಣಗಳನ್ನು ಕೈಪಿಡಿ ಬಿಡಿಸಿ ಹೇಳುತ್ತದೆ. ಮಗುವಿನ ಚಂಚಲತೆ ಒಂದು. ತಂದೆತಾಯಿಯ ಅಸಡ್ಡೆ, ಬಡತನದಿಂದಾಗಿ ಮಗುವನ್ನು ಕೆಲಸಕ್ಕೆ ಹಚ್ಚುವುದು ಇನ್ನೊಂದು. ಮೂರನೆಯದು ಶಿಕ್ಷಕರದೇ ದೋಷ. ಶಿಕ್ಷಕ ಸಿಡುಕನಾಗಿದ್ದರೆ, ಕಲಿಸುವುದರಲ್ಲಿ ಉತ್ಸಾಹವಿಲ್ಲದಿದ್ದರೆ, ಮಕ್ಕಳ ಮನಸ್ಸು ಗೆಲ್ಲದಿದ್ದರೆ ಮಗು ಶಾಲೆಯಿಂದ ದೂರ ಸರಿಯುತ್ತದೆ. ಶಿಕ್ಷಕರಿಗಾಗಿ ಶಿಕ್ಷಕರೇ ಬರೆದ ಪುಸ್ತಕದಲ್ಲಿ ಈ ಮಾತು ಬಂದಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಬೆತ್ತವನ್ನು ಆ ಕೈಪಿಡಿ ಪೂರ್ತಿಯಾಗಿ ಬಿಟ್ಟಿರಲಿಲ್ಲ ಎಂಬುದನ್ನೂ ಹೇಳಬೇಕು. ಅದಕ್ಕೆ ಹಲವು ಕಟ್ಟುಪಾಡುಗಳನ್ನು ಹಾಕಿ, ಆದಷ್ಟು ವಿರಳವಾಗಿರಲಿ ಎಂದಿತು. ಅಂದಿನ ಕಾಲಕ್ಕೆ ಅದೇ ದೊಡ್ಡ ಮಾತು, ಇಂದಿಗೆ ಅದು ಸಾಲದು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿದೆ.

ಬಡವನೆಂಬ ಹಣೆಪಟ್ಟಿ ಬೇಡ

1688ರಲ್ಲಿ ಲಾಸಾಲ್‌ರವರು ಪ್ಯಾರಿಸಿಗೆ ಬಂದರು. ಅಲ್ಲಿ ಬರವಣಿಗೆ ಕಲಿಸುವ ಮೇಷ್ಟರುಗಳದೊಂದು ಪ್ರಬಲ ಸಂಘವಿತ್ತು. ಶುಲ್ಕ ಪಡೆದು ಕಲಿಸುವುದು ಅವರ ಜೀವನೋಪಾಯ. ನಿಜವಾದ ಬಡವರಿಗೆ ಮಾತ್ರ ಉಚಿತವಾಗಿ ಕಲಿಸಿಕೊಳ್ಳಿ, ಶುಲ್ಕ ಕೊಡಬಲ್ಲವರ ಮಕ್ಕಳನ್ನೂ ಸೇರಿಸಿಕೊಂಡು ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂಬುದು ಅವರ ತಕರಾರು. ಅವರ ದೃಷ್ಟಿಯಿಂದ ನೋಡಿದರೆ ಅದರಲ್ಲೂ ಒಂದು ನ್ಯಾಯವಿತ್ತು.

ಆದರೆ ಲಾಸಾಲ್‌ರವರ ಶಾಲೆಯ ಬಾಗಿಲಲ್ಲಿ ಬಡತನದ ಪರೀಕ್ಷೆ ನಡೆಯುತ್ತಿರಲಿಲ್ಲ. ಕುಶಲಕರ್ಮಿಯ ಮಗನೂ ಕೂಲಿಯವನ ಮಗನೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು, ಇಬ್ಬರಿಂದಲೂ ಕಾಸು ಪಡೆಯುತ್ತಿರಲಿಲ್ಲ. ಬಡವರಿಗೇ ಬೇರೆ ಶಾಲೆ, ಬೇರೆ ಪಟ್ಟಿ ಎಂದು ಮಾಡಿದರೆ ಆ ಶಾಲೆಗೆ ಬರುವುದೇ ಮಗುವಿಗೆ ಅವಮಾನವಾಗುತ್ತದೆ. 1704ರಲ್ಲಿ ಶಾಲೆಯ ಸಾಮಾನುಗಳ ಜಪ್ತಿಯಾಯಿತು, ದಂಡ ಬಿತ್ತು. 1706ರಲ್ಲಿ ಪ್ಯಾರಿಸಿನ ಉಚ್ಚ ನ್ಯಾಯಾಲಯವೂ ಅವರ ವಿರುದ್ಧವೇ ತೀರ್ಪಿತ್ತಿತು. ಕಾನೂನಿನ ಮುಂದೆ ಅವರು ಸೋತರು. ಆದರೂ ಉಚಿತ ಶಾಲೆಗಳನ್ನು ಕೈಬಿಡಲಿಲ್ಲ. ಭಿಕ್ಷೆ ಬೇಡಿ ಬರಿಯ ರೊಟ್ಟಿ ತಿಂದು ಬದುಕಬೇಕಾಗಿ ಬಂದರೂ ಈ ಶಾಲೆಗಳನ್ನು ಬಿಡುವುದಿಲ್ಲವೆಂದು 1691ರಲ್ಲೇ ಅವರು ಇಬ್ಬರು ಸಹೋದರರೊಂದಿಗೆ ದೇವರ ಮುಂದೆ ವ್ರತ ತೊಟ್ಟಿದ್ದರು.

1719ರ ಏಪ್ರಿಲ್ 7, ಶುಭ ಶುಕ್ರವಾರದಂದು ರೂವಾನಿನಲ್ಲಿ ಅವರು ದೈವಾಧೀನರಾದರು. ಆಗ ಸಹೋದರರ ಸಂಖ್ಯೆ ಸುಮಾರು 100. 1725ರಲ್ಲಿ ಜಗದ್ಗುರು ಹದಿಮೂರನೆಯ ಬೆನೆಡಿಕ್ಟ್‌ರವರು ಆ ಸಭೆಗೆ ಮನ್ನಣೆಯಿತ್ತರು. 1900ರಲ್ಲಿ ಲಾಸಾಲ್‌ರವರನ್ನು ಸಂತಪದವಿಗೆ ಏರಿಸಲಾಯಿತು.

ನಮ್ಮ ಶಾಲೆಗಳಿಗೆ ಬಂದರೆ

ಪ್ರಿಯ ವಾಚಕರೇ, ಇದು ದೂರದ ದೇಶದ ಹಳೆಯ ಕಥೆಯೆಂದು ಪುಟ ಮಗುಚುವಂತಿಲ್ಲ. ಅಂದು ಲಾಸಾಲ್‌ರವರು ಎದುರಿಸಿದ ಪ್ರಶ್ನೆಗಳೇ ಇಂದು ನಮ್ಮ ಧರ್ಮಕೇಂದ್ರದ ಶಾಲೆಯ ಅಂಗಳದಲ್ಲಿ ನಿಂತಿವೆ.

ಭಾಷೆಯ ಪ್ರಶ್ನೆಯನ್ನೇ ನೋಡೋಣ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿ ಕಲಿಸಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು ಅಂಥ ಕಡ್ಡಾಯ ಸಲ್ಲದು, ಆಯ್ಕೆ ತಂದೆತಾಯಿಯದು ಎಂದಿತು. ಇಂಗ್ಲಿಷ್ ಬೇಕೆನ್ನುವ ಬಡ ತಾಯಿಯನ್ನು ನಾವು ಹೀಗಳೆಯುವಂತಿಲ್ಲ. ಮಗು ತನ್ನಂತೆ ಕಷ್ಟಪಡಬಾರದು ಎಂಬುದೇ ಅವಳ ಆಸೆ. ಆದರೆ ಯಾವ ಮಾಧ್ಯಮದ ಶಾಲೆಯೇ ಆಗಲಿ, ಮೂರನೆಯ ತರಗತಿಯ ಮಗು ತಾನು ಓದಿದ್ದನ್ನು ಮನೆಯ ಮಾತಿನಲ್ಲಿ ಅಮ್ಮನಿಗೆ ಹೇಳಬಲ್ಲದೇ ಎಂದು ಕೇಳಿ ನೋಡಬೇಕು. ಹೇಳಲಾರದಾದರೆ ಅದು ಓದಿದ್ದು ಲತೀನೇ ಸರಿ. ಲಾಸಾಲ್‌ರವರು ಲತೀನನ್ನು ಹೊರಗಟ್ಟಲಿಲ್ಲ, ಅದರ ಸರದಿಗೆ ಕಾಯಿಸಿದರು.

ಬಡ ಮಗುವಿನ ಪ್ರವೇಶದ ಪ್ರಶ್ನೆ ಇನ್ನೂ ಗಂಭೀರವಾದದ್ದು. ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಶೇಕಡ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದು 2009ರ ಕಾಯ್ದೆ ಹೇಳಿತು. ಅದೇ 2014ರ ಮೇ 6ರಂದು, ಇನ್ನೊಂದು ತೀರ್ಪಿನಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. 2025ರಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ ಆ ತೀರ್ಪು ಸರಿಯೇ ಎಂದು ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಪರಿಶೀಲಿಸಲಿ ಎಂದಿತು. ನಮ್ಮ ಸಂಸ್ಥೆಗಳನ್ನು ನಾವೇ ನಡೆಸಿಕೊಳ್ಳುವ ಹಕ್ಕು ಸಂವಿಧಾನ ಕೊಟ್ಟದ್ದು, ಅದನ್ನು ಕಾಪಾಡಿಕೊಳ್ಳುವುದು ತಪ್ಪಲ್ಲ. ಆದರೆ ಆ ಹಕ್ಕಿನ ಬಲದಿಂದ ಉಳಿದ ಸ್ಥಾನದಲ್ಲಿ ಯಾರನ್ನು ಕೂರಿಸುತ್ತಿದ್ದೇವೆ? ಕಾನೂನು ಬಲವಂತ ಮಾಡದಿದ್ದಾಗಲೂ ಬಡ ಮಗುವಿಗೆ ಬಾಗಿಲು ತೆರೆಯುವುದಾದರೆ ಮಾತ್ರ ಆ ಹಕ್ಕಿಗೊಂದು ಕ್ರೈಸ್ತ ಅರ್ಥ. ಶ್ರೀಮಂತರ ಮಕ್ಕಳಿಗಷ್ಟೇ ಮೀಸಲಾದ ಕಥೋಲಿಕ ಶಾಲೆ ಅನ್ಯಾಯದ ಸಮಾಜಕ್ಕೇ ಆಸರೆಯಾದೀತೆಂದು ವ್ಯಾಟಿಕನ್ನಿನ ಶಿಕ್ಷಣ ಇಲಾಖೆ 1977ರಲ್ಲೇ ಎಚ್ಚರಿಸಿದೆ.

ಇದರ ಖರ್ಚನ್ನು ಯಾರು ಹೊರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಶಿಕ್ಷಕರಿಗೆ ಸಂಬಳ ಕೊಡಬೇಕು, ಕಟ್ಟಡ ನೋಡಿಕೊಳ್ಳಬೇಕು, ಸರ್ಕಾರದ ಅನುದಾನ ಎಲ್ಲರಿಗೂ ಸಿಗುವುದಿಲ್ಲ. ಧಾರ್ಮಿಕ ಸಹೋದರಿಯರೂ ಗುರುಗಳೂ ಈ ಭಾರವನ್ನು ಒಬ್ಬರೇ ಹೊರಲಾರರು. ರೊಟ್ಟಿಯ ಬುಟ್ಟಿ ತುಂಬಿದ್ದು ಮಕ್ಕಳು ತಂದ ಮಿಕ್ಕ ರೊಟ್ಟಿಯಿಂದ. ಹಬ್ಬದ ಸಡಗರಕ್ಕೆ ಧಾರಾಳವಾಗಿ ಕೊಡುವ ನಮ್ಮ ಭಕ್ತಾದಿಗಳು ಒಂದು ಮಗುವಿನ ವರ್ಷದ ಶುಲ್ಕವನ್ನು, ಆ ಮಗುವಿನ ಹೆಸರು ಹೊರಬೀಳದಂತೆ ಕಟ್ಟಬಾರದೇ? ಅಕ್ಷರ ದಾಸೋಹ 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾಗಿ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ಮಧ್ಯಾಹ್ನದ ಊಟ ತಂದಿತು. ಅನುದಾನವಿಲ್ಲದ ಶಾಲೆಗಳಲ್ಲಿ ಬರಿಯ ಡಬ್ಬಿ ತರುವ ಮಗುವನ್ನು ಗುರುತಿಸಬೇಕಾದವರು ನಾವೇ.

ಕೊನೆಯದಾಗಿ ಹಾಜರಿ. ಕೊರೋನಾದಿಂದ 2020ರಲ್ಲಿ ಮುಚ್ಚಿದ ಶಾಲೆಗಳು ಮತ್ತೆ ತೆರೆದಾಗ ಮರಳಿ ಬಾರದ ಮಕ್ಕಳೂ ಇದ್ದರು. ಅಂಥ ಮಕ್ಕಳ ಮನೆಗೆ ಹೋದ ಶಿಕ್ಷಕಿಯರೂ ನಮ್ಮ ನಡುವೆ ಇದ್ದಾರೆ; ಅವರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕಿಹೋದ ಕುರುಬನ ಸಾಮತಿಯನ್ನು ನಾವು ಪೀಠದಿಂದ ಎಷ್ಟು ಸಲ ಕೇಳಿಲ್ಲ! ಆ ಸಾಮತಿಯನ್ನು ಬೀದಿ ಬೀದಿಗೆ ಒಬ್ಬ ಹುಡುಗನಂತೆ ನೇಮಿಸಿ ಶಾಲೆಯ ನಿಯಮವನ್ನಾಗಿ ಮಾಡಿದವರು ಲಾಸಾಲ್‌ರವರು.

ಈ ವರ್ಷ ನಮ್ಮ ಪ್ರತಿ ಪ್ರಾಥಮಿಕ ಶಾಲೆಯೂ ಇಷ್ಟನ್ನು ಮಾಡಲಿ. ಮೂರು ದಿನ ಬಾರದ ಮಗುವಿನ ಮನೆಗೆ ನಾಲ್ಕನೆಯ ದಿನ ಯಾರಾದರೂ ಹೋಗಲಿ. ಶಿಕ್ಷಕಿ ಹೋಗಲಿ, ಧರ್ಮಕೇಂದ್ರದ ಪಾಲನಾ ಸಮಿತಿಯ ಸದಸ್ಯರು ಹೋಗಲಿ, ಪಕ್ಕದ ಬೀದಿಯ ಸಹಪಾಠಿ ಹೋಗಲಿ. ಆ ಮಗು ಯಾವ ಧರ್ಮದ್ದೆಂದು ಕೇಳುವುದು ಬೇಡ. ವಾರ್ಷಿಕ ವರದಿಯಲ್ಲಿ ಬಹುಮಾನಗಳ ಪಟ್ಟಿಯ ಜೊತೆಗೆ, ಶಾಲೆ ಬಿಟ್ಟು ಮರಳಿ ಬಂದ ಮಕ್ಕಳ ಸಂಖ್ಯೆಯೂ ಒಂದು ಸಾಲಾಗಿ ಇರಲಿ. ಶಿಕ್ಷಕರ ಪಾಲಕರಾದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್‌ರವರು ನಮ್ಮ ಶಿಕ್ಷಕ ಶಿಕ್ಷಕಿಯರಿಗಾಗಿ, ನಮ್ಮ ಮಕ್ಕಳಿಗಾಗಿ, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಿಗಾಗಿ ಪ್ರಾರ್ಥಿಸಲಿ.